ಕುದಿಯುವ ನೀರಿನ ಭಯ

ನಾನು ಒಂದು ರೇಡಿಯೇಟರ್. ಎರಡೇ ಸೀಟಿನ, ಮೇಲೆ ಸೂರಿಲ್ಲದ, ಕಡುಹಸಿರು ಬಣ್ಣದ ಒಂದು ಸ್ಪೋರ್ಟ್ಸ್ ಕಾರಿನ ಮೂತಿಯೊಳಗೆ ನನ್ನ ಆಯುಷ್ಯದ ಬಹುಭಾಗ ಕಳೆಯಿತು. ಎಂಜಿನ್ನು ಕಾಯಿಸಿ ಕಳಿಸಿದ ನೀರನ್ನು ಗಾಳಿಗೆ ಹಿಡಿದು ಆರಿಸಿ ಮತ್ತೆ ಅದಕ್ಕೇ ಕಳಿಸುವುದು ನನ್ನ ಕೆಲಸ. ಜನ ಕಾರಿನ ಬಣ್ಣ ನೋಡುತ್ತಾರೆ, ಚಕ್ರ ನೋಡುತ್ತಾರೆ, ಒಳಗೆ ಕೂತವರನ್ನು ನೋಡುತ್ತಾರೆ. ನನ್ನನ್ನು ನೋಡುವುದು ಉಗಿ ಎದ್ದಾಗ ಮಾತ್ರ. ಹಾಗಾಗಿ ಯಾರಾದರೂ ಬಾನೆಟ್ ಎತ್ತಿ ನನ್ನತ್ತ ಬಗ್ಗಿದರೆ ಸಾಕು, ಏನೋ ಕೆಟ್ಟಿದೆ ಎಂದು ನನಗೆ ಗಾಬರಿಯಾಗುತ್ತದೆ.

ನಾನು ಹುಟ್ಟಿದ್ದೇ ಗಾಬರಿಯಲ್ಲಿ. ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ ತೆಳ್ಳಗಿನ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ, ನಡುವೆ ತಾಮ್ರದ ಹಾಳೆಗಳನ್ನು ಹೆಣೆದು, ಮೇಲೊಂದು ಕೆಳಗೊಂದು ಹಿತ್ತಾಳೆಯ ತೊಟ್ಟಿ ಇಟ್ಟು ಬೆಂಕಿಯಿಂದ ಬೆಸೆದರು. ಬೆಸುಗೆ ಆರುವ ಮೊದಲೇ ನನ್ನ ಬಾಯಿಗಳಿಗೆ ರಬ್ಬರ್ ಬಿರಡೆ ಬಡಿದು, ಒಳಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿದರು. ನನ್ನ ಪಕ್ಕದಲ್ಲಿ ಮುಳುಗಿಸಿದ್ದ ಇನ್ನೊಂದರ ಮೈಯಿಂದ ಗುಳ್ಳೆಗಳು ಸಾಲಾಗಿ ಎದ್ದವು. ಅದನ್ನೆತ್ತಿ ಒಂದು ಮೂಲೆಗೆ ಎಸೆದರು. ಆ ಸದ್ದು ನನ್ನೊಳಗೆ ಉಳಿದುಬಿಟ್ಟಿತು. ನನ್ನಿಂದ ಗುಳ್ಳೆ ಏಳಲಿಲ್ಲ. ಒರೆಸಿ, ಕಪ್ಪು ಬಣ್ಣ ಬಳಿದು, ಹಸಿರು ಕಾರಿಗೆ ಜೋಡಿಸಿದರು.

ಆ ಕಾರನ್ನು ಕೊಂಡವನು ಜಯವಂತ ದೇಸಾಯಿ. ಬೆಳಗಾವಿ ಕಡೆಯ ದೊಡ್ಡ ವಾಡೆಯ ಮನೆತನದವನು, ಓದಲೆಂದು ವಿಲಾಯಿತಿಗೆ ಬಂದಿದ್ದ. ಓದು ಎಷ್ಟಾಯಿತೋ ನನಗೆ ತಿಳಿಯದು. ಹಿಂದಿರುಗುವಾಗ ಕಾರನ್ನು ಹಡಗಿಗೇರಿಸಿ ಮುಂಬಯಿಗೆ ತಂದ. ಅಲ್ಲಿಂದ ಬೆಳಗಾವಿಯವರೆಗೆ ತಾನೇ ಓಡಿಸಿಕೊಂಡು ಬಂದ. ನಾನು ಮಂಜಿನ ಊರಿನ ವಸ್ತು. ಈ ದೇಶದ ಬಿಸಿಲು ಮೊದಲ ಬಾರಿ ನನ್ನ ಮೈಗೆ ತಗುಲಿದಾಗ, ಇಲ್ಲಿ ನಾನು ಬಹಳ ದಿನ ಬಾಳಲಾರೆ ಅನ್ನಿಸಿತು.

ದೇಸಾಯಿಗೆ ವೇಗವೊಂದೇ ಗೊತ್ತಿತ್ತು. ಗೆಳೆಯರೊಂದಿಗೆ ಪಂಥ ಕಟ್ಟಿ ಆಂಬೋಲಿ ಘಾಟಿ ಏರುತ್ತಿದ್ದ. ತಿರುವು ತಿರುವಿಗೂ ನೀರು ಕುದಿಯುತ್ತ ಬರುತ್ತಿತ್ತು. ಒಳಗಿನ ಒತ್ತಡಕ್ಕೆ ನನ್ನ ಬೆಸುಗೆಗಳು ಬಿಗಿದು ನೋಯುತ್ತಿದ್ದವು. ಮುಚ್ಚಳದಿಂದ ಉಗಿ ಚಿಮ್ಮಿದರೆ ಅವನು ಚಪ್ಪಾಳೆ ತಟ್ಟಿ ನಗುತ್ತಿದ್ದ. "ನೋಡ್ರೋ, ಎಮ್ಮಿ ಉಸರ ಬಿಟ್ಟಂಗ ಬಿಡತೈತಿ!" ಕಾದು ಕೆಂಡವಾದ ಮೈಮೇಲೆ ತಣ್ಣೀರು ಸುರಿಯುತ್ತಿದ್ದ. ಹಾಗೆ ಸುರಿದಾಗ ಮೇಲಿನ ತೊಟ್ಟಿಯ ಒಂದು ಮೂಲೆ ಸಣ್ಣಗೆ ಚಿಟ್ಟೆಂದಿತು. ನನ್ನ ಹೊರತು ಬೇರೆ ಯಾರಿಗೂ ಅದು ಕೇಳಲಿಲ್ಲ. ಅಲ್ಲಿಂದ ಮುಂದೆ ನನಗೆ ಆ ಮೂಲೆಯದೇ ಯೋಚನೆ.

ಅವನ ಹುಚ್ಚು ಕುದುರೆಗಳ ಕಡೆ ತಿರುಗಿದ ಮೇಲೆ ಕಾರು ವಾಡೆಯ ಹಿಂದೆ ಧೂಳು ತಿನ್ನುತ್ತ ನಿಂತಿತು. ಅದನ್ನು ಮಾರುತ್ತಾನೆ ಎಂದು ಸುದ್ದಿಯಾಗಿ ಬಹಳ ಜನ ಬಂದು ನೋಡಿದರು. ಎಲ್ಲರೂ ಕೇಳಿದ್ದು, ಎಷ್ಟು ಜೋರು ಓಡುತ್ತದೆ ಎಂದೇ. ಕೊನೆಗೊಬ್ಬರು ಬಂದರು. ಬಿಳಿ ನೂಲಿನ ಸೀರೆ, ಕಿವಿಯಲ್ಲಿ ಸಣ್ಣ ಓಲೆ, ಕೈಯಲ್ಲಿ ಚರ್ಮದ ಚೀಲ. ಡಾಕ್ಟರ್ ಇಂದುಮತಿ ಹಂಚಿನಮನಿ, ಹೆರಿಗೆ ಡಾಕ್ಟರು. ಅವರು ಬಾನೆಟ್ ಎತ್ತಿಸಿ ನನ್ನನ್ನೇ ನೋಡಿ ಕೇಳಿದರು: "ಇದು ಕುದೀತೈತೇನು?"

ದೇಸಾಯಿ ನಕ್ಕ. "ಡಾಕ್ಟರಬಾಯಿ, ಬ್ಯಾಸಿಗ್ಯಾಗ ಎಲ್ಲಾನೂ ಕುದೀತೈತಿ."

"ಹಂಗಾದ್ರ ನೀರಿನ ಡಬ್ಬಿ ಇಟಗೊಂಡ ಅಡ್ಡಾಡ್ತೀನಿ" ಎಂದರು ಅವರು.

ಒಂಟಿ ಹೆಂಗಸು ಇಂಥ ಕಾರು ಕೊಂಡಳೆಂದು ಊರು ಆಡಿಕೊಂಡಿತು. ಆದರೆ ಅವರು ಕೊಂಡದ್ದು ಮೆರೆಯಲಿಕ್ಕಲ್ಲ. ಸುತ್ತಲ ಹಳ್ಳಿಗಳಿಂದ ಕರೆ ಬಂದರೆ ಬಸ್ಸಿಗೆ ಕಾಯಲು ಅವರಿಂದಾಗುತ್ತಿರಲಿಲ್ಲ, ಆಗ ಸಿಕ್ಕ ಗಟ್ಟಿ ಗಾಡಿ ಇದೊಂದೇ. ಹೀಗೆ ನಾನು ಎರೆಮಣ್ಣಿನ ದಾರಿಗಳನ್ನು ಕಂಡೆ. ಜೋಳದ ಹೊಲಗಳ ನಡುವೆ ಸೂರಿಲ್ಲದ ಕಾರು ಓಡುವಾಗ ಸೆರಗು ಹಾರದಂತೆ ಅವರು ಅದನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದರು. ಹೋಗುವಾಗ ಅವರದು ಒಂದೂ ಮಾತಿಲ್ಲ. ಬರುವಾಗ ಹಾಡು ಗುನುಗಿದರೆ ತಾಯಿ ಮಗು ಇಬ್ಬರೂ ಕ್ಷೇಮವೆಂದು ನಾನು ತಿಳಿಯುತ್ತಿದ್ದೆ. ಗುನುಗದೆ ಬಂದ ದಿನಗಳೂ ಇದ್ದವು.

ಒಂದು ಬೇಸಿಗೆಯ ಮಧ್ಯಾಹ್ನ ಕಡೋಲಿ ದಾಟಿದ ಮೇಲೆ ನನ್ನ ಮೇಲಿನ ರಬ್ಬರ್ ಪೈಪು ಒಡೆಯಿತು. ನೀರೆಲ್ಲ ರಸ್ತೆಗೆ ಚೆಲ್ಲಿತು. ನಾವು ಹೊರಟಿದ್ದ ಊರಿನ ಬಸುರಿಗೆ ಹಿಂದಿನ ದಿನದಿಂದ ನೋವು. ಡಾಕ್ಟರಬಾಯಿ ಚೀಲದಿಂದ ಗಾಯಕ್ಕೆ ಅಂಟಿಸುವ ಪಟ್ಟಿ ತೆಗೆದು ಪೈಪಿಗೆ ಸುತ್ತಿದರು. ಬಾವಿಕಟ್ಟೆಯಲ್ಲಿದ್ದ ಹೆಂಗಸರು ಕೊಡ ಹೊತ್ತು ಓಡಿಬಂದರು. "ಹಾಕ್ರವ್ವಾ, ಹಾಕ್ರಿ, ಆ ಕೂಸು ಕಾಯೂದಿಲ್ಲ" ಎನ್ನುತ್ತ ಡಾಕ್ಟರಬಾಯಿ ನನ್ನ ಬಾಯಿಗೆ ನೀರು ಹೊಯ್ಯಿಸಿಕೊಂಡರು. ಪಟ್ಟಿ ಕಿತ್ತು ಹೋದರೆ ಏನು ಗತಿ ಎಂದು ದಾರಿಯುದ್ದಕ್ಕೂ ನನಗೆ ಜೀವದಲ್ಲಿ ಜೀವವಿರಲಿಲ್ಲ. ಕಿತ್ತು ಹೋಗಲಿಲ್ಲ. ಆ ಸಂಜೆ ಅವರು ಗುನುಗುತ್ತ ಬಂದರು.

ಆದರೆ ಬಾವಿಯ ನೀರು ಗಡುಸು. ಒಂದೊಂದು ಊರಿನ ಸುಣ್ಣವೂ ನನ್ನ ಕೊಳವೆಗಳೊಳಗೆ ಪದರ ಪದರವಾಗಿ ಕೂತಿತು. ಮುಂಚೆ ಸಲೀಸಾಗಿ ಹರಿಯುತ್ತಿದ್ದ ನೀರು ಈಗ ನುಸುಳಿಕೊಂಡು ಹೋಗಬೇಕಾಯಿತು. ಡಾಕ್ಟರಬಾಯಿಗೆ ವಯಸ್ಸಾಯಿತು. ಹಳ್ಳಿಗಳಲ್ಲಿ ದವಾಖಾನೆಗಳಾದವು. ಕಾರು ಅವರ ಮನೆಯ ಶೆಡ್ಡು ಸೇರಿ ತಾಡಪತ್ರಿ ಹೊದ್ದುಕೊಂಡಿತು. ಒಳಗೆ ಉಳಿದ ನೀರು ತುಕ್ಕು ಬಣ್ಣಕ್ಕೆ ತಿರುಗಿತು. ಮೇಲೆ ಇಲಿಗಳು ಓಡಾಡುತ್ತಿದ್ದವು. ನಾನಿದ್ದೇನೆಂಬುದು ಎಲ್ಲರಿಗೂ ಮರೆತುಹೋಗಿರಬಹುದೆಂದುಕೊಂಡೆ. ಅದರಲ್ಲಿ ಒಂದು ನೆಮ್ಮದಿಯೂ ಇತ್ತು.

ತಾಡಪತ್ರಿ ತೆಗೆದವಳು ಶೈಲಜಾ, ಡಾಕ್ಟರಬಾಯಿಯ ಅಣ್ಣನ ಮಗಳು. ಉದ್ಯಮಬಾಗದಲ್ಲಿ ಲೇತು, ವೆಲ್ಡಿಂಗಿನ ಸಣ್ಣ ವರ್ಕ್‌ಶಾಪು ನಡೆಸುತ್ತಾಳೆ. ಅವಳ ಹಿಂದೆ ಡಾಕ್ಟರಬಾಯಿ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಾರಿನತ್ತ ಮುಖ ಮಾಡದೆ ತುಸು ಓರೆಯಾಗಿ ನಿಂತಿದ್ದರು. ಆಮೇಲೆ ತಿಳಿಯಿತು, ಅವರ ನೋಟದ ನಡುವೆ ಒಂದು ಕಪ್ಪು ಮಚ್ಚೆ ಬೆಳೆಯುತ್ತಿತ್ತು. ಅದು ಹೋಗುವಂಥದ್ದಲ್ಲ, ಹರಡುವಂಥದ್ದು.

"ಕಣ್ಣು ಇರೂದ್ರಾಗ ಒಮ್ಮೆ ವೆಂಗುರ್ಲಾಕ್ಕ ಹೋಗಿ ಸಮುದ್ರ ನೋಡಬೇಕ" ಎಂದರು ಅವರು.

"ನನ್ನ ಕಾರಿನ್ಯಾಗ ಹೋಗೂಣು ಅತ್ತಿ, ಎಸಿ ಐತಿ."

"ಆ ಡಬ್ಬಿನ್ಯಾಗ ಕುಂತು ಕಾಜಿನ್ಯಾಗಿಂದ ಏನ ನೋಡೂದು? ಇದರಾಗ ಹೋಗೂಣು."

ಕಾರು ಚಾಲೂ ಆಯಿತು. ಆದರೆ ಓಣಿಯ ತುದಿ ಮುಟ್ಟುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಏರಿತು. ಶೈಲಜಾ ನನ್ನನ್ನು ಬಿಚ್ಚಿ, ಡಾಕ್ಟರಬಾಯಿಯನ್ನೂ ಕರೆದುಕೊಂಡು, ರೇಡಿಯೇಟರ್ ರಿಪೇರಿಯ ಮೈನುದ್ದೀನ್ ಮುಜಾವರನ ಅಂಗಡಿಗೆ ಒಯ್ದಳು.

ಅಲ್ಲಿ ಮತ್ತೆ ನೀರಿನ ತೊಟ್ಟಿ, ಮತ್ತೆ ಬಿರಡೆ, ಮತ್ತೆ ಗಾಳಿ. ಈ ಸಲ ನನ್ನ ಮೈಯಿಂದಲೇ ಗುಳ್ಳೆಗಳೆದ್ದವು. ಮೊದಲು ಕೊಳವೆಗಳ ನಡುವಿನಿಂದ, ಆಮೇಲೆ ಆ ಮೂಲೆಯಿಂದ. ಇಷ್ಟು ವರ್ಷ ನಾನೊಬ್ಬನೇ ಹೊತ್ತಿದ್ದ ಭಯವನ್ನು ಮೂವರೂ ಬಗ್ಗಿ ನೋಡುತ್ತಿದ್ದರು.

"ಎದಿಯಾಗ ಪೂರಾ ಸುಣ್ಣ ಕಟ್ಟೈತ್ರಿ" ಎಂದ ಮುಜಾವರ. "ಬದಲಿ ಹಾಕೂದ ಚಲೋ."

ಬದಲಿ ಎಂಬ ಮಾತು ಕೇಳಿದಾಗ ಗೋಡೆಯ ಕಡೆ ಒರಗಿಸಿದ್ದ ಹಳೆಯ ರೇಡಿಯೇಟರುಗಳತ್ತ ನನ್ನ ಗಮನ ಹೋಯಿತು. ಕೆಲವಕ್ಕೆ ತೊಟ್ಟಿಗಳಿರಲಿಲ್ಲ. ಒಂದರ ತಾಮ್ರವನ್ನು ಸುತ್ತಿಗೆಯಿಂದ ಬಡಿದು ಮುದ್ದೆ ಮಾಡಿದ್ದರು. ಬೆಳಗಾವಿ ಲೋಹ ಕರಗಿಸುವ ಫೌಂಡ್ರಿಗಳ ಊರು. ಅಂಥ ಮುದ್ದೆಗಳು ಎಲ್ಲಿಗೆ ಹೋಗುತ್ತವೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ಮುಜಾವರ ಮೊದಲು ನನ್ನ ತೊಟ್ಟಿಗಳನ್ನು ಉಳಿಸಿಕೊಂಡು ನಡುವಿನ ಹೆಣಿಗೆಯನ್ನಷ್ಟೇ ಹೊಸತು ಹಾಕುತ್ತೇನೆಂದ. ಪರೀಕ್ಷೆಗೆಂದು ಆ ಮೂಲೆಗೆ ಗ್ಯಾಸಿನ ಜ್ವಾಲೆ ಹಿಡಿದ. ಹಳೆಯ ಬೆಸುಗೆ ಕರಗಿ ಜಾರಿತು, ಬಿರುಕು ಮುಂದಕ್ಕೆ ಓಡಿತು. ಬೆಂಕಿ ಇನ್ನೊಂದು ಕ್ಷಣ ನಿಂತಿದ್ದರೆ ನಾನು ಅಲ್ಲೇ ಎರಡಾಗುತ್ತಿದ್ದೆ. "ತಗಡು ಸವದು ಕಾಗದದ ಹಾಳಿ ಆಗೈತ್ರಿ" ಎಂದು ಅವನೇ ಹಿಂಜರಿದ.

ಆಮೇಲೆ ಅವನು ಗುಜರಿಯಿಂದ ಒಂದು ಜೀಪಿನ ರೇಡಿಯೇಟರ್ ತಂದ. "ಇದು ಆನಿ ಇದ್ದಂಗ ಐತಿ ಅಕ್ಕಾರ, ಘಾಟಿಗಿ ಅಂಜೂದಿಲ್ಲ." ಅದು ನನಗಿಂತ ಎತ್ತರ. ಸ್ಪೋರ್ಟ್ಸ್ ಕಾರಿನ ಮೂತಿ ತಗ್ಗು, ಅದರೊಳಗೆ ಅದು ಕೂರಬೇಕೆಂದರೆ ಮುಂದಿನ ತಗಡನ್ನು ಕತ್ತರಿಸಬೇಕಿತ್ತು.

"ಕಾರಿನ ಮಾರಿ ಕೊಯ್ಯೂದು ಬ್ಯಾಡ" ಎಂದರು ಡಾಕ್ಟರಬಾಯಿ.

ಅವನು ಅದನ್ನು ಓರೆಯಾಗಿಸಿ ಪಟ್ಟಿ ಹಾಕಿ ತೂಗುಹಾಕಿದ. ಫ್ಯಾನಿಗೂ ಅದಕ್ಕೂ ನಡುವೆ ಬೆರಳು ಹಿಡಿಸುವಷ್ಟೂ ಜಾಗವಿರಲಿಲ್ಲ. ಪರೀಕ್ಷೆಗೆಂದು ಕಾರನ್ನು ಯಳ್ಳೂರ ಗುಡ್ಡದ ಏರು ಹತ್ತಿಸಿ ತಂದರು. ಬರುವಾಗ ಎಂಜಿನ್ನಿನಿಂದ ಸುಟ್ಟ ವಾಸನೆ ಬರುತ್ತಿತ್ತು. ನನ್ನ ಬದಲಿ ಸೋತಿತೆಂದು ನನಗೆ ಸಂತೋಷವಾಗಬೇಕಿತ್ತು. ಆದರೆ ಶೈಲಜಾಳ ಮುಖ ನೋಡಿ ಭಯವೇ ಹೆಚ್ಚಾಯಿತು.

ಅವಳು ಅಳತೆಪಟ್ಟಿ ತೆಗೆದು ನನ್ನ ಎತ್ತರ, ಅಗಲ, ದಪ್ಪ, ಪೈಪು ಬರುವ ಜಾಗ, ಫ್ಯಾನಿನವರೆಗಿನ ಅಂತರ ಎಲ್ಲವನ್ನೂ ಅಳೆದಳು. "ಪುಣೇದಾಗ ಒಬ್ಬರು ಅಳತಿ ಕೊಟ್ರ ಅಲ್ಯೂಮಿನಿಯಮ್ಮಿಂದು ಮಾಡಿ ಕೊಡತಾರ. ಹಗೂರ ಇರತೈತಿ, ಲಗೂನ ಆರತೈತಿ."

"ನಾಳೆ ಸೋರಿದ್ರ?" ಎಂದ ಮುಜಾವರ. "ಅದಕ್ಕ ನನ್ನ ಬೆಸುಗಿ ಹತ್ತೂದಿಲ್ರಿ."

"ನನ್ನ ವೆಲ್ಡಿಂಗ್ ಹತ್ತತೈತಿ."

"ಹಿತ್ತಾಳಿ ಹೊಳಪು ಇರೂದಿಲ್ಲ, ಹಳೇ ಗಾಡಿಗಿ ಹೊಸಾ ಹಲ್ಲು ಕಟ್ಟಿದಂಗ ಕಾಣತೈತ್ರಿ."

ಡಾಕ್ಟರಬಾಯಿ ಅವರಿಬ್ಬರ ನಡುವೆ ಕೈ ಎತ್ತಿದರು. "ಒಳಗ ಇರೂ ವಸ್ತು, ಹೊಳಪು ತಗೊಂಡ ಏನ ಮಾಡೂದು? ಶೈಲಾ, ಅದನ್ನ ತರಸು."

ನಾನು ನೆಚ್ಚಿಕೊಂಡಿದ್ದ ಬಾಯಿಂದಲೇ ಆ ಮಾತು ಬಂತು. ಆದರೆ ಅದು ತಯಾರಾಗಿ ಬರಲು ತಿಂಗಳು ಬೇಕಿತ್ತು, ಮಳೆಗಾಲ ಹತ್ತಿರವಾಗಿತ್ತು, ಕಪ್ಪು ಮಚ್ಚೆಯೂ ಸುಮ್ಮನಿರಲಿಲ್ಲ. ಒಂದು ಬೆಳಗ್ಗೆ ಡಾಕ್ಟರಬಾಯಿ ಶೈಲಜಾಳ ಮುಖ ನೋಡಿ, "ನಿನ್ನ ಮೂಗು ಎಲ್ಲಿ ಐತಿ ಇವತ್ತ?" ಎಂದರಂತೆ. ಅದೇ ದಿನ ಶೈಲಜಾ ಅಂಗಡಿಗೆ ಬಂದು, "ಇದನ್ನ ಹೆಂಗರ ಮಾಡಿ ಒಂದ ದಿನಕ್ಕ ನಿಲ್ಲಸು" ಎಂದಳು. ಮುಜಾವರ ಸೋರುವ ಕೊಳವೆಗಳನ್ನು ಮುಚ್ಚಿದ, ಮೂಲೆಗೆ ತಗಡಿನ ತೇಪೆ ಹಚ್ಚಿದ. "ಅಲ್ಲಾನ ಮ್ಯಾಲ ಭಾರ" ಎಂದು ಕೈ ಒರೆಸಿಕೊಂಡ.

ಬೆಳಗಿನ ತಂಪಿನಲ್ಲಿ ಹೊರಟೆವು. ಶೈಲಜಾ ಓಡಿಸುತ್ತಿದ್ದಳು. ಅವಳಿಗೆ ಘಾಟಿಯ ರೂಢಿಯಿಲ್ಲ. ಇಳಿಯುವಾಗ ಎದುರುಗಾಳಿ ಇತ್ತು, ನನಗೆ ಕಷ್ಟವಾಗಲಿಲ್ಲ. ಆದರೂ ಪ್ರತಿ ಕುಳಿಗೂ ತೇಪೆ ಅಲುಗಿತೇನೋ ಎಂದು ಜೀವ ಹಿಡಿದುಕೊಂಡಿದ್ದೆ.

ವೆಂಗುರ್ಲಾದಲ್ಲಿ ಕಾರು ಸಮುದ್ರಕ್ಕೆ ಮುಖ ಮಾಡಿ ನಿಂತಿತು. ಡಾಕ್ಟರಬಾಯಿ ಇಳಿದು ನನ್ನ ಪಕ್ಕದಲ್ಲೇ ನಿಂತು ತಲೆಯನ್ನು ಒಂದು ಕಡೆಗೆ ವಾಲಿಸಿದರು. "ನೆಟ್ಟಗ ನೋಡಿದ್ರ ಕಾಣೂದಿಲ್ಲ. ವಾರಿಗಣ್ಣಿಲೆ ನೋಡಿದ್ರ ಕಾಣತೈತಿ" ಎಂದರು. ಬಹಳ ಹೊತ್ತು ಹಾಗೇ ಸಮುದ್ರವನ್ನು ಓರೆಯಿಂದ ನೋಡಿದರು. ಶೈಲಜಾ ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಮರಳುವಾಗ ಏರು. ಮಧ್ಯಾಹ್ನದ ಬಿಸಿಲು. ಮುಂದೊಂದು ಲಾರಿ ತೆವಳುತ್ತ ಹತ್ತುತ್ತಿತ್ತು, ದಾಟಲು ಶೈಲಜಾಗೆ ಧೈರ್ಯ ಸಾಲಲಿಲ್ಲ. ಮೊದಲ ಗೇರಿನಲ್ಲೇ ಅದರ ಬೆನ್ನಿಗೆ ಹೋಗುತ್ತಿದ್ದೆವು. ಗಾಳಿಯಿಲ್ಲ. ಲಾರಿಯ ಬಿಸಿ ಹೊಗೆ ನನ್ನ ಮುಖಕ್ಕೇ ಬಡಿಯುತ್ತಿತ್ತು. ಎಂಜಿನ್ನು ಕಳಿಸುತ್ತಿದ್ದ ನೀರನ್ನು ನಾನು ಆರಿಸಲಾಗದೆ ಹಾಗೇ ಹಿಂದಿರುಗಿಸುತ್ತಿದ್ದೆ, ಅದು ಇನ್ನಷ್ಟು ಕಾದು ಬರುತ್ತಿತ್ತು. ಬೇಡ, ನಿಲ್ಲಿಸು ಎಂದು ಕೂಗಲು ನನಗೆ ಬಾಯಿಲ್ಲ. ಇದ್ದದ್ದು ಬಿರುಕೊಂದೇ.

ಅದು ಬಾಯಿ ಬಿಟ್ಟಿತು. ಬೆಳ್ಳನೆಯ ಉಗಿ ಎದ್ದು ಮುಂದಿನ ಗಾಜನ್ನು ಪೂರ್ತಿ ಮುಚ್ಚಿತು. ಶೈಲಜಾ ಗಾಬರಿಯಲ್ಲಿ ಕಾಲಡಿಯ ಪೆಡಲುಗಳನ್ನೆಲ್ಲ ಒಟ್ಟಿಗೆ ಬಿಟ್ಟುಬಿಟ್ಟಳು. ಎಂಜಿನ್ನು ನಿಂತಿತು. ಆಮೇಲೆ ಕಾರು ಹಿಂದಕ್ಕೆ ಜಾರತೊಡಗಿತು.

ಹಿಂದೆ ತಿರುವು, ತಿರುವಿನಾಚೆ ಕಣಿವೆ. ನನ್ನ ಮುಖ ಮುಂದಕ್ಕಿತ್ತು. ಹಿಂದೇನಿದೆಯೆಂದು ಕಾಣದೆ ಹೋಗುವುದಕ್ಕಿಂತ ದೊಡ್ಡ ಭಯ ನಾನು ಕಂಡಿಲ್ಲ.

"ಬ್ರೇಕ್ ಒತ್ತು! ಶೈಲಾ, ಎಡಗಡೆ ಗುಡ್ಡ ಐತಿ, ಹಿಂದಿನ ಬಾಜು ಆ ಕಡೆ ತಿರುಗಸು!" ಡಾಕ್ಟರಬಾಯಿಯ ದನಿ. ಅವರು ಆಗಲೇ ಹ್ಯಾಂಡ್ ಬ್ರೇಕನ್ನು ಎರಡೂ ಕೈಯಿಂದ ಎಳೆಯುತ್ತಿದ್ದರು. ಕಾರು ಕಿರ್ರೆಂದು ಹೊರಳಿ, ಹಿಂಭಾಗ ಗುಡ್ಡದ ಕಲ್ಲಿಗೆ ಒರಗಿ ನಿಂತಿತು.

ಶೈಲಜಾ ಹಾರಿ ಇಳಿದಳು. ಗಾಬರಿಯವರು ಮಾಡುವುದನ್ನೇ ಮಾಡಿದಳು. ಬಾನೆಟ್ ಎತ್ತಿ, ದುಪಟ್ಟಾವನ್ನು ಕೈಗೆ ಸುತ್ತಿಕೊಂಡು ನನ್ನ ಮುಚ್ಚಳಕ್ಕೆ ಕೈ ಹಾಕಿದಳು. ನನ್ನೊಳಗೆ ಆಗ ಇದ್ದದ್ದು ನೀರಲ್ಲ, ಬಾಗಿಲು ಒದೆಯುತ್ತಿದ್ದ ಉಗಿ. ಬಿರುಕಿನಿಂದ ಸೋರಿದ್ದು ಸಾಲದು, ಮುಚ್ಚಳ ತೆರೆದರೆ ಉಳಿದದ್ದೆಲ್ಲ ಆ ಹುಡುಗಿಯ ಮುಖಕ್ಕೆ. ಅವಳು ಅದನ್ನು ತಿರುಗಿಸಲು ಒತ್ತಿದಳು. ನಾನು ನನ್ನ ಮುರುಕು ಮೈಯಲ್ಲಿದ್ದಷ್ಟು ಬಲದಿಂದ ಆ ಮುಚ್ಚಳವನ್ನು ಕಚ್ಚಿ ಹಿಡಿದೆ.

"ಕೈ ತಗಿ!" ಡಾಕ್ಟರಬಾಯಿ ಅವಳ ಜಡೆ ಹಿಡಿದೇ ಹಿಂದಕ್ಕೆ ಎಳೆದರು. ಇಬ್ಬರೂ ರಸ್ತೆಯ ಮೇಲೆ ಕೂತುಬಿಟ್ಟರು. ಮುಚ್ಚಳದ ಅಂಚಿನಿಂದ ಉಗಿಯ ಒಂದು ಎಳೆ ಅವರ ತಲೆಯ ಮೇಲಿಂದ ಸೀಳಿಕೊಂಡು ಹೋಯಿತು.

ಲಾರಿಯ ಡ್ರೈವರು ಕನ್ನಡಿಯಲ್ಲಿ ನೋಡಿ ಇಳಿದು ಬಂದ. ಗೋಕಾಕ ಕಡೆಯವನು. ಮೊದಲು ಗಾಲಿಗೆ ಕಲ್ಲು ಕೊಟ್ಟ. "ಆರಲಿ ಬಿಡ್ರಿ ಯಕ್ಕಾ, ಅವಸರ ಮಾಡಬ್ಯಾಡ್ರಿ" ಎಂದು, ಅಡುಗೆ ಡಬ್ಬಿಯಿಂದ ಅರಿಶಿಣದ ಪುಡಿ, ಒಂದು ಡಬ್ಬಿ ನೀರು ತಂದಿಟ್ಟ. "ಆರಿದ ಮ್ಯಾಲ ಇದನ್ನ ಹಾಕ್ರಿ. ಸಣ್ಣ ತೂತು ಹಿಡಕೋತೈತಿ." ಅವನೂ ಅಲ್ಲೇ ಕೂತು ಬೀಡಿ ಹಚ್ಚಿದ.

ನಾನು ಆರುವವರೆಗೆ ಅವರಿಬ್ಬರೂ ಗುಡ್ಡದ ನೆರಳಿನಲ್ಲಿ ಕೂತಿದ್ದರು. ಶೈಲಜಾ ಇನ್ನೂ ಬಿಕ್ಕುತ್ತಿದ್ದಳು. "ಅತ್ತಿ, ನಿಮಗ ಅಂಜಿಕಿ ಆಗಲಿಲ್ಲೇನು?"

"ಆಗಲಿಲ್ಲ ಅಂತ ಯಾರ ಹೇಳಿದ್ರು?" ಡಾಕ್ಟರಬಾಯಿ ಅವಳ ಕಣ್ಣು ಸೆರಗಿನಿಂದ ಒರೆಸಿದರು. "ಹೆರಿಗಿಗಿ ಹೋದಾಗ ಪ್ರತಿ ಸಲಾನೂ ಅಂಜೀನಿ. ಕೂಸು ಅಳೂತನಕಾ ಅಂಜಿಕೀನ. ಅಂಜಿಕಿ ಹೋದ ಮ್ಯಾಲ ಕೈ ಹಾಕ್ತೀನಿ ಅಂತ ಕಾಯ್ಕೊಂತ ಕುಂತಿದ್ರ ಒಂದು ಕೂಸೂ ಹೊರಗ ಬರತಿದ್ದಿಲ್ಲ. ಈಗ ಕಣ್ಣಿಂದೂ ಹಂಗ. ದಿನಾ ಮುಂಜಾನೆ ಕಣ್ಣ ತೆರೆಯೂ ಮುಂದ ಅಂಜತೀನಿ. ತೆರೀತೀನಿ."

ಶೈಲಜಾ ಅವರ ತೊಡೆಯ ಮೇಲೆ ತಲೆಯಿಟ್ಟಳು.

"ಮುಜಾವರಗ ಹೇಳು" ಎಂದರು ಡಾಕ್ಟರಬಾಯಿ, ನನ್ನ ಕಡೆಗೆ ಓರೆಯಾಗಿ ನೋಡುತ್ತ. "ಹೊಸಾದ ಬಂದ ಕೂಡ್ಲೆ ಹಾಕಲಿ. ಇದಕ್ಕ ಇನ್ನ ಸಾಕು."

ಇಷ್ಟು ವರ್ಷ ಯಾವ ಮಾತಿಗೆ ಹೆದರಿದ್ದೆನೋ ಅದು ಹೀಗೆ ಮೆಲ್ಲಗೆ ಬಂದೀತೆಂದು ನಾನು ಎಣಿಸಿರಲಿಲ್ಲ. ಅರಿಶಿಣದ ನೀರು ಕುಡಿದು, ನಿಂತು ನಿಂತು ಘಾಟಿ ಹತ್ತಿ, ಅವರನ್ನು ಮನೆ ಮುಟ್ಟಿಸಿದೆ.

ಹೊಸತು ಬಂದಿತು. ಬೆಳ್ಳಗೆ, ಹಗುರಾಗಿ, ನನ್ನದೇ ಅಳತೆಯಲ್ಲಿ. ಡಾಕ್ಟರಬಾಯಿ ಅದರ ಅಂಚು, ಬೆಸುಗೆ, ಬಾಯಿಗಳನ್ನು ಬೆರಳಿನಿಂದ ತಡವಿ ನೋಡಿ ತಲೆಯಾಡಿಸಿದರು. ಜೋಡಿಸುವ ಮೊದಲು ಒಂದು ದಿನ ಅದನ್ನೂ ನನ್ನನ್ನೂ ಒಂದೇ ಬೆಂಚಿನ ಮೇಲೆ ಇಟ್ಟಿದ್ದರು. ಪರೀಕ್ಷೆಗೆಂದು ಅದಕ್ಕೆ ಮೊದಲ ಸಲ ಬಿಸಿನೀರು ಹೊಯ್ದಾಗ ಅದರ ಮೈಯೆಲ್ಲ ಟಿಕ್ ಟಿಕ್ ಎಂದಿತು. ಅದರ ಮೇಲೆ ನನಗಿದ್ದ ಸಿಟ್ಟು ಆ ಸದ್ದು ಕೇಳಿ ಹೋಯಿತು. ಹೆದರಿಕೆಯ ಸದ್ದು ನನಗೆ ಗೊತ್ತು. ಅದನ್ನು ಕಾರಿಗೆ ಜೋಡಿಸಿ ಯಳ್ಳೂರ ಗುಡ್ಡ ಹತ್ತಿ ಬಂದಾಗ ಬಿಸಿಯ ಮುಳ್ಳು ನಡುವಿನಲ್ಲೇ ನಿಂತಿತ್ತೆಂದು ಮುಜಾವರನೇ ಒಪ್ಪಿಕೊಂಡ.

"ಹಳೇದನ್ನ ಫೌಂಡ್ರಿಗಿ ಕಳಸ್ಲೇನ್ರಿ?" ಎಂದು ಅವನು ಕೇಳಿದ.

"ಯಾರದರ ಕೆಲಸಕ್ಕ ಬರತೈತೇನ ನೋಡು. ಬರದಿದ್ರ ಕರಗಸು" ಎಂದರು ಡಾಕ್ಟರಬಾಯಿ. ನನಗಾಗಿ ಅಂಗಲಾಚಲಿಲ್ಲ. ಅವರು ಅಂಥವರಲ್ಲ.

ಗೋಡೆಗೆ ಒರಗಿ ಬಹಳ ದಿನ ಕಾದೆ. ನನ್ನ ಎಡಬಲದವುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋದರು. ಕೈಗಳು ನನ್ನತ್ತ ಬಂದಾಗಲೆಲ್ಲ ಇದೇ ಕೊನೆ ಎಂದುಕೊಳ್ಳುತ್ತಿದ್ದೆ. ಒಂದು ದಿನ ಬಂದ ಕೈಗಳು ಹುಕ್ಕೇರಿ ಕಡೆಯ ತಂಗೆವ್ವ ಎಂಬ ಹೆಂಗಸಿನವು. ಅವಳದೊಂದು ಹಿಟ್ಟಿನ ಗಿರಣಿ. ಕರೆಂಟು ಹೋದಾಗ ನಡೆಸುವ ಡೀಸೆಲ್ ಎಂಜಿನ್ನಿಗೆ ಅವಳಿಗೊಂದು ರೇಡಿಯೇಟರ್ ಬೇಕಿತ್ತು. ಮುಜಾವರ ನನ್ನ ಸುಣ್ಣ ಕೆರೆದು, ಒಡೆದ ಮೂಲೆಗೆ ದಪ್ಪ ತಗಡು ಹೊದಿಸಿ ಕೊಟ್ಟ. ಇಲ್ಲಿ ಮುಚ್ಚಳ ಸಡಿಲ, ಒತ್ತಡವಿಲ್ಲ, ಏರಿಲ್ಲ, ತಿರುವಿಲ್ಲ.

ಡಾಕ್ಟರಬಾಯಿಯ ಸುದ್ದಿಯನ್ನು ಮುಜಾವರ ಒಮ್ಮೆ ಎಂಜಿನ್ ನೋಡಲು ಬಂದಾಗ ತಂಗೆವ್ವನಿಗೆ ಹೇಳಿದ. ಈಗ ಕಣ್ಣು ಕಾಣುವುದಿಲ್ಲವಂತೆ. ಶೈಲಜಾ ಓಡಿಸುತ್ತಾಳೆ, ಅವರು ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದು ಕೇಳಿ ಗೇರು ಬದಲಿಸಲು ಹೇಳುತ್ತಾರಂತೆ.

ಎಂಜಿನ್ನು ಚಾಲೂ ಆಗುವಾಗ ಇಂದಿಗೂ ನನ್ನ ಹಳೆಯ ಮೂಲೆ ಬಿಗಿಯುತ್ತದೆ. ಹೆದರಿಕೆ ಬರುತ್ತದೆ, ಹಿಂದೆಯೇ ಬಿಸಿನೀರೂ ಬರುತ್ತದೆ. ಮೊನ್ನೆ ಚಳಿಯ ಮುಂಜಾನೆ ಜೋಳ ಬೀಸಿಸಲು ಬಂದ ಮುದುಕಿಯೊಬ್ಬಳು ಸರದಿಗೆ ಕಾಯುತ್ತ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. ನನ್ನಿಂದ ಬರುತ್ತಿದ್ದ ಬಿಸಿಗಾಳಿಗೆ ಎರಡೂ ಅಂಗೈ ಒಡ್ಡಿ, ಆಮೇಲೆ ಅವನ್ನು ಕೆನ್ನೆಗೆ ಒತ್ತಿಕೊಂಡಳು.

"ಎಷ್ಟ ಬೆಚ್ಚಗ ಐತಿ ಯವ್ವಾ" ಎಂದಳು.

ಅವಳ ಹಿಟ್ಟು ಆಗುವವರೆಗೆ ನಾನು ಸೋರದೆ ನಿಂತಿದ್ದೆ.